ಎಮ್ಮೆಯ ಬೆನ್ನಿಗೆ ಫ್ಯಾನು

"ಬಂತಾ?"

"ಬಂತು ಅಪ್ಪಾಜಿ. ಒಂದೇ ಒಂದು ಗುಳ್ಳೆ."

"ಕೈ ಅಲ್ಲಾಡಿಸಿರ್ತೀಯ. ಸರಿಯಾಗಿ ಹಿಡ್ದು ಮತ್ತೆ ನೋಡು."

ಶಿವಲೀಲಾ ಮೊಣಕೈವರೆಗೂ ತೊಟ್ಟಿಯ ನೀರಿನಲ್ಲಿ ಕೈ ಮುಳುಗಿಸಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ನೀರಿನಡಿ ಅವಳು ಒತ್ತಿ ಹಿಡಿದಿದ್ದು ಯಾವುದೋ ಹಳೆಯ ಟ್ರ್ಯಾಕ್ಟರಿನಿಂದ ಬಿಚ್ಚಿಟ್ಟಿದ್ದ ಆಯಿಲ್ ಕೂಲರ್, ಕಾದ ಆಯಿಲನ್ನು ಗಾಳಿಗೊಡ್ಡಿ ತಣಿಸುವ ಸಣ್ಣ ರೇಡಿಯೇಟರು. ಅದರ ಒಂದು ಬಾಯಿಗೆ ರಬ್ಬರ್ ಬಿರಡೆ, ಇನ್ನೊಂದು ಬಾಯಿಗೆ ಗಾಳಿ ಪೈಪು. ನಾಗರಾಜಪ್ಪ ಪೈಪಿನ ಗಾಳಿ ಇನ್ನಷ್ಟು ಹೆಚ್ಚಿಸಿದರು. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಏಳಲೇಬೇಕು. ಹೊನ್ನಾಳಿಯ ಈ ರೇಡಿಯೇಟರ್ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಇದೇ ಕಾನೂನು. ಲಾರಿಯದ್ದಾಗಲಿ, ಟೆಂಪೊದ್ದಾಗಲಿ, ತೊಟ್ಟಿಯಲ್ಲಿ ಮುಳುಗೆದ್ದ ಮೇಲೆಯೇ ಗಾಡಿ ಹತ್ತಬೇಕು.

ಇನ್ನೊಂದು ಗುಳ್ಳೆ ಮೆಲ್ಲಗೆ ಮೇಲೆ ಬಂದು ಪಟ್ ಅಂದಿತು.

"ನೋಡಿದ್ರಾ? ನಿಮ್ಮ ಹುಡುಗ ಫೇಲು," ಅಂದಳು ಶಿವಲೀಲಾ.

"ಬೆಸುಗೆ ಹಾಕಿದ್ರೆ ಪಾಸಾಗ್ತಾನೆ."

"ಗೇರ್‌ಬಾಕ್ಸ್ ಆಯಿಲಿನ ಒತ್ತಡಕ್ಕೆ ಬೆಸುಗೆ ಬಿಟ್ಕಂಡ್ರೆ? ಗುಡ್ಡದ ಮೇಲೆ ಆಯಿಲ್ ಎಲ್ಲಾ ಸೋರಿ ಹೋದ್ರೆ? ಬ್ಯಾಡ ಅಪ್ಪಾಜಿ. ಇನ್ನು ಬರೀ ಆರು ದಿನ ಐತೆ."

ನಾಗರಾಜಪ್ಪ ತಮ್ಮ ಹುಡುಗನನ್ನು, ಆ ಹಳೇ ಕೂಲರನ್ನು, ಎತ್ತಿ ಗೋಡೆಗೆ ಒರಗಿಸಿದರು. ಉಳಿದದ್ದು ಎರಡು. ಒಂದು, ಹಾವು ಸುತ್ತಿಕೊಂಡ ಹಾಗೆ ಮಡಚಿದ ಪೈಪಿನ ಕೂಲರ್. ದಾವಣಗೆರೆಯ ಅಂಗಡಿಯವನು ಬೇಡವಾದರೆ ವಾಪಸ್ ತನ್ನಿ ಅಂತ ಕೊಟ್ಟಿದ್ದ. ಇನ್ನೊಂದು ಶಿವಲೀಲಾ ನಾಲ್ಕು ರಾತ್ರಿ ಫೋನಿನಲ್ಲಿ ಹುಡುಕಿ ತರಿಸಿದ್ದು. ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂತಿದ್ದ, ಶಾಲೆಮಕ್ಕಳ ಸ್ಲೇಟಿನಷ್ಟು ಅಗಲದ, ಬೆನ್ನಿಗೆ ಸಣ್ಣದೊಂದು ಫ್ಯಾನಿದ್ದ ಕೂಲರ್. ಎರಡೂ ತೊಟ್ಟಿಯಲ್ಲಿ ಒಂದು ಗುಳ್ಳೆಯನ್ನೂ ಬಿಡದೆ ಪಾಸಾದವು.

ಇಷ್ಟೆಲ್ಲ ಗಡಿಬಿಡಿ ಒಂದು ಎಮ್ಮೆಗಾಗಿ. ಎಮ್ಮೆಯೆಂದರೆ ನ್ಯಾಮತಿಯ ಪ್ರಸನ್ನಕುಮಾರನ ಕರಿ ಪಿಕಪ್ಪು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಗಾಡಿ. ಕೆಸರು ಕಂಡರೆ ಇಳಿಯುತ್ತದೆ, ಎಬ್ಬಿಸಿದರೆ ಏಳುವುದಿಲ್ಲ ಅಂತ ಪ್ರಸನ್ನನ ಹೆಂಡತಿ ಅರುಣಾ ಅದಕ್ಕೆ ಆ ಹೆಸರಿಟ್ಟಿದ್ದಳು. ಪ್ರಸನ್ನ ಶಿವಲೀಲಾಳ ಸೋದರಮಾವ, ಅಡಿಕೆ ವ್ಯಾಪಾರಿ. ವಾರವೆಲ್ಲ ಅಡಿಕೆ ಚೀಲ, ಭಾನುವಾರ ಕಲ್ಲು ಗುಡ್ಡ. ಆದರೆ ಕಲ್ಲು ಗುಡ್ಡ ಹತ್ತುವಾಗ ಎರಡು ಸಲ ಗೇರ್‌ಬಾಕ್ಸಿನ ಆಯಿಲ್ ಕುದಿದು, ಮೀಟರಿನಲ್ಲಿ ಕೆಂಪು ದೀಪ ಹತ್ತಿ, ಗಾಡಿ ನಿಂತಲ್ಲೇ ನಿಂತಿತ್ತು. ಎರಡನೇ ಸಲ ಟ್ರ್ಯಾಕ್ಟರಿಗೆ ಕಟ್ಟಿ ನ್ಯಾಮತಿ ಬಜಾರಿನ ನಡುವೆ ಎಳೆದು ತಂದಿದ್ದರು. ಅವತ್ತು ಅರುಣಾ ಕೈ ಮುಂದೆ ಚಾಚಿದ್ದಳು. ಪ್ರಸನ್ನ ಅದರ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ: ಇನ್ನೊಂದು ಸಲ ಆ ದೀಪ ಹತ್ತಿದರೆ ಗಾಡಿಯನ್ನು ಚನ್ನಗಿರಿಯ ಅಡಿಕೆ ವ್ಯಾಪಾರಿ ಗುರುಬಸವರಾಜರಿಗೆ ಮಾರಿಬಿಡುವುದು. ಎಲ್ಲರೂ ಗುರಣ್ಣ ಅನ್ನುತ್ತಿದ್ದ ಅವರು ಆ ಗಾಡಿಯ ಮೇಲೆ ಕಣ್ಣಿಟ್ಟು ಎರಡು ವರ್ಷವಾಗಿತ್ತು, ಈ ಮಾತೂ ಅವರ ಕಿವಿಗೆ ಬಿದ್ದಿತ್ತು.

ಮುಂದಿನ ಭಾನುವಾರ ಜಗಳೂರು ಕಡೆಯ ಹಳೇ ಕಲ್ಲು ಕ್ವಾರಿಯಲ್ಲಿ ಗುಡ್ಡ ಹತ್ತಿಸುವ ಸ್ಪರ್ಧೆ. ಎಮ್ಮೆಯ ಹೆಸರು ಬರೆಸಿಯಾಗಿತ್ತು.

ಶಿವಲೀಲಾ ದಾವಣಗೆರೆಯಲ್ಲಿ ಆಟೋಮೊಬೈಲ್ ಡಿಪ್ಲೊಮಾ ಕೊನೆಯ ವರ್ಷ. ಅವಳು ಸ್ಟೀರಿಂಗ್ ಹಿಡಿಯಲು ಕಲಿತದ್ದು ಆ ಗಾಡಿಯಲ್ಲಿ, ಲೈಸೆನ್ಸ್ ಪಡೆದದ್ದು ಆ ಧೈರ್ಯದಲ್ಲಿ. ಕಾಲೇಜಿನ ವರ್ಕ್‌ಶಾಪಿನಲ್ಲಿ ಕೊಯ್ದಿಟ್ಟ ಗೇರ್‌ಬಾಕ್ಸ್ ನೋಡುವುದು ಬೇರೆ, ಕಲ್ಲಿನ ಮೇಲೆ ತೆವಳುವ ಗಾಡಿಯೊಳಗೆ ಕೂತು ಅದರ ಉಸಿರು ಕೇಳುವುದು ಬೇರೆ. ಎಮ್ಮೆ ಚನ್ನಗಿರಿಗೆ ಹೋದರೆ ತನಗೆ ಉಳಿಯುವುದು ಸ್ಕೂಟಿ ಮಾತ್ರ ಅಂತ ಯೋಚಿಸಿದಾಗಲೆಲ್ಲ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಈಗ ಈ ಎರಡ್ರಾಗೆ ಯಾವ್ದು?" ಅಂದರು ನಾಗರಾಜಪ್ಪ.

"ತಟ್ಟೇದು. ಅದರ ಮೈಯೆಲ್ಲಾ ಗಾಳಿಗೆ ತೆರಕಂಡಿರುತ್ತೆ ಅಪ್ಪಾಜಿ."

"ಬಾಯಾಗೆ ಹೇಳಿದ್ರೆ ಆತಾ? ನಿಮ್ಮಮ್ಮನ್ನ ಕೇಳು, ಒಲೆ ಮ್ಯಾಲೆ ಒಂದು ಕೊಡ ನೀರಿಡಾಕೆ."

ಅಂಗಡಿಯ ಹಿಂದೆಯೇ ಮನೆ. ನಿರ್ಮಲಮ್ಮ ಕುದಿಯುವ ನೀರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ತಂದು, "ಸ್ನಾನಕ್ಕಿಟ್ಟಿದ್ದೆ. ನಿಮ್ಮ ಎಮ್ಮೆಗೇ ಸ್ನಾನ ಮಾಡ್ಸಿಕೊಳ್ರಿ," ಅಂತ ಕುಕ್ಕಿ ಹೋದರು. ನಾಗರಾಜಪ್ಪ ಎರಡೂ ಕೂಲರುಗಳನ್ನು ಕಿಟಕಿಯ ಗಾಳಿಗೆ ನಿಲ್ಲಿಸಿ, ಆಲಿಕೆಯಿಟ್ಟು ಒಂದೊಂದಕ್ಕೂ ಒಂದೊಂದು ಚೊಂಬು ನೀರು ಸುರಿದರು. ಕೆಳಗಿನ ಬಾಯಿಂದ ಸೋರುವ ನೀರಿಗೆ ಬೆರಳು ಹಿಡಿದರು. ಹಾವಿನ ಕೂಲರಿನ ನೀರಿಗೆ ಬೆರಳು ಸರಕ್ಕನೆ ಹಿಂದೆ ಬಂತು. ತಟ್ಟೆಯ ಕೂಲರಿನ ನೀರಿಗೆ ಹಿಡಿದ ಬೆರಳನ್ನು ತೆಗೆಯಲೇ ಇಲ್ಲ.

"ಉಗುರು ಬೆಚ್ಚಗೈತೆ," ಅಂದರು. ಅಷ್ಟೇ ಅಂದದ್ದು. ಆದರೆ ಶಿವಲೀಲಾ ಅಂಗಳದಲ್ಲಿ ಎರಡು ಸುತ್ತು ಓಡಿ ಬಂದಳು.

ಜಗಳ ಶುರುವಾದದ್ದು ಅದನ್ನು ಎಲ್ಲಿ ಕೂರಿಸುವುದು ಅಂತ. ಮರುದಿನ ಪ್ರಸನ್ನ ಗಾಡಿ ತಂದು ಅಂಗಡಿ ಮುಂದೆ ನಿಲ್ಲಿಸಿದ್ದೇ ತಡ, ನಾಗರಾಜಪ್ಪ ಬಾನೆಟ್ ಎತ್ತಿ ರೇಡಿಯೇಟರಿನ ಮುಂದೆ ಬೆರಳಿಟ್ಟರು.

"ಇಲ್ಲಿ. ಮುಂದ್ಗಡೆ. ಗಾಳಿ ಬರೋದು ಇಲ್ಲಿಂದ."

"ಗಾಡಿ ಓಡಿದ್ರೆ ಬರುತ್ತೆ ಅಪ್ಪಾಜಿ. ಕಲ್ಲಿನ ಮ್ಯಾಲೆ ಎಮ್ಮೆ ಓಡುತ್ತಾ? ಇರುವೆ ತರ ಹೋಗುತ್ತೆ. ಕೆಸರೂ ಮೊದ್ಲು ಹೊಡೆಯೋದು ಅಲ್ಲಿಗೇ. ಹಿಂದ್ಗಡೆ, ಕ್ಯಾಬಿನ್ ಬೆನ್ನಿಗೆ, ಎತ್ತರದಾಗೆ ಕೂರಿಸಿ ಫ್ಯಾನು ಹಾಕಾನ."

"ಹಿಂದ್ಗಡೆನಾ? ಅಲ್ಲೀತಂಕ ಪೈಪ್ ಎಳೀತೀಯ?"

"ಗೇರ್‌ಬಾಕ್ಸ್ ಇರೋದೇ ನಡುವಿನಾಗೆ. ಮುಂದಕ್ಕೆಷ್ಟು ದೂರನೋ ಹಿಂದಕ್ಕೂ ಅಷ್ಟೇ."

ನಾಗರಾಜಪ್ಪ ಬಗ್ಗಿ ಗಾಡಿಯ ಅಡಿ ನೋಡಿದರು. ಎದ್ದು ನಿಂತರು. "ಮೂವತ್ತು ವರ್ಷದಾಗೆ ರೇಡಿಯೇಟರನ್ನ ಬೆನ್ನಿಗೆ ಕಟ್ಟಿದೋರನ್ನ ನಾನು ನೋಡಿಲ್ಲ."

"ಭಾವ, ನೀವಿಬ್ರೂ ಜಗಳ ಆಡ್ತಾ ಕೂತ್ರೆ ಗುರಣ್ಣಂಗೆ ಹಬ್ಬ," ಅಂದ ಪ್ರಸನ್ನ. "ಹೋಗಿ ನೋಡೇಬಿಡಾನ ನಡೀರಿ."

ಮೂವರೂ ಸಾಸ್ವೆಹಳ್ಳಿಯ ಹತ್ತಿರ ಹೊಳೆಯ ದಂಡೆಗೆ ಹೋದರು. ಗೇರ್‌ಬಾಕ್ಸಿನ ಬಿಸಿಯನ್ನು ಫೋನಿಗೆ ಕಳಿಸುವ ಬೆರಳುದ್ದದ ಸಾಧನವೊಂದನ್ನು ಶಿವಲೀಲಾ ಸ್ಟೀರಿಂಗ್ ಕೆಳಗೆ ಸಿಕ್ಕಿಸಿದ್ದಳು. ಡಾಂಬರು ರಸ್ತೆಯಲ್ಲಿ ಎಂಬತ್ತೈದು ಡಿಗ್ರಿ. ಮರಳಿಗಿಳಿದು ಆಮೆ ನಡಿಗೆಯಲ್ಲಿ ತೆವಳತೊಡಗಿದ ಮೇಲೆ ತೊಂಬತ್ತೆರಡು. ತೊಂಬತ್ತೊಂಬತ್ತು. ನೂರಾ ಆರು. ನಾಗರಾಜಪ್ಪ ಇಳಿದು ಗಾಡಿಯೆದುರು ಹಿಮ್ಮುಖವಾಗಿ ಹೆಜ್ಜೆಯಿಡುತ್ತ, ರೇಡಿಯೇಟರಿನ ಜಾಲರಿಯ ಎದುರು ತಮ್ಮ ಕರವಸ್ತ್ರ ಹಿಡಿದು ನಡೆದರು. ಕರವಸ್ತ್ರ ಅಲ್ಲಾಡಲಿಲ್ಲ. ಅವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಗಾಡಿ ಹತ್ತಿದರು.

"ವಾಪಸ್ ತಿರುಗಿಸು ಪ್ರಸನ್ನ. ಹಿಂದ್ಗಡೆಗೆ ಪಟ್ಟಿ ಕೊಯ್ಯಬೇಕು, ಕತ್ತಲಾಗೋದ್ರೊಳಗೆ ಮುಗೀಬೇಕು."

ಆಮೇಲಿನ ಮೂರು ದಿನ ಅಂಗಡಿಗೆ ಬಂದ ಟ್ರ್ಯಾಕ್ಟರಿನವರೆಲ್ಲ ಕಾದರು. ನಾಗರಾಜಪ್ಪ ಕಬ್ಬಿಣದ ಪಟ್ಟಿ ಬಗ್ಗಿಸಿ, ಕ್ಯಾಬಿನ್ನಿನ ಬೆನ್ನಿನಿಂದ ಒಂದು ಗೇಣು ಬಿಟ್ಟು ಚೌಕಟ್ಟು ನಿಲ್ಲಿಸಿದರು. ಅಲುಗಾಟಕ್ಕೆ ಕೂಲರು ಸೀಳಬಾರದೆಂದು ಶಿವಲೀಲಾ ಹಳೆ ಟೈರ್ ಟ್ಯೂಬಿನಿಂದ ವಾಷರುಗಳನ್ನು ಕತ್ತರಿಸಿ ಪ್ರತಿ ಬೋಲ್ಟಿನಡಿ ಇಟ್ಟಳು. ಆಯಿಲ್ ಮೊದಲು ರೇಡಿಯೇಟರಿಗೆ ಹೋಗಿ, ಅಲ್ಲಿಂದ ಹೊಸ ಕೂಲರಿಗೆ ಬಂದು, ತಣ್ಣಗಾಗಿ ಗೇರ್‌ಬಾಕ್ಸಿಗೆ ಮರಳಬೇಕು. ಪೈಪು ಸೈಲೆನ್ಸರಿಗೆ ತಾಗುವ ಕಡೆ ನಾಗರಾಜಪ್ಪ ತಾವೇ ಗಾಡಿಯ ಅಡಿ ಮಲಗಿ ಅದನ್ನು ಒಂದು ಮೊಳ ದೂರ ತಿರುಗಿಸಿ ಬಿಗಿದರು. ಗೇರ್‌ಬಾಕ್ಸಿನಿಂದ ಇಳಿಸಿದ ಹಳೇ ಆಯಿಲ್ ಕಾಫಿ ಡಿಕಾಕ್ಷನ್ ಥರ ಕಪ್ಪಾಗಿ ಸೀದ ವಾಸನೆ ಹೊಡೆಯುತ್ತಿತ್ತು. ಹೊಸದು ಬೀಟ್ರೂಟ್ ರಸದ ಹಾಗೆ ಕೆಂಪಗೆ ಇಳಿಯಿತು.

ಶುಕ್ರವಾರ ಸಂಜೆ ಎಂಜಿನ್ ಚಾಲೂ ಮಾಡಿ ಮೂವರೂ ಹಿಂದೆ ಬಂದು ನಿಂತರು. ಎಪ್ಪತ್ತು. ಎಪ್ಪತ್ತಾರು. ಫೋನು ಎಂಬತ್ತೈದು ತೋರಿಸಿದ ಕ್ಷಣ ಫ್ಯಾನು ತಾನಾಗಿಯೇ ಗುಂಯ್ ಅಂದಿತು. ಶಿವಲೀಲಾ ಕಿರುಚಿದ್ದಕ್ಕೆ ಎದುರಿನ ಗಿರಣಿಯವರು ಹೊರಬಂದು ನೋಡಿದರು. ನಾಗರಾಜಪ್ಪ ಫ್ಯಾನಿನ ಮುಂದೆ ಅಂಗೈ ಹಿಡಿದರು.

"ಬಿಸಿ ಬರ್ತೈತೆ ಕಣವ್ವ," ಅಂದರು. ಬಾಯಿ ಕಿವಿವರೆಗೂ ಹೋಗಿತ್ತು. ಹೊರಗೆ ಬಂದ ಬಿಸಿಯೆಲ್ಲ ಒಳಗೆ ಇರದ ಬಿಸಿ. ಅದನ್ನು ಆ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೇ ಹೊರಟರು. ಪ್ರಸನ್ನ ಸ್ಟೀರಿಂಗಿಗೆ, ಶಿವಲೀಲಾ ಪಕ್ಕಕ್ಕೆ, ನಾಗರಾಜಪ್ಪ ಹಿಂದಿನ ಸೀಟಿಗೆ. ಆದರೆ ಗಾಡಿ ನೇರ ಜಗಳೂರಿನ ದಾರಿ ಹಿಡಿಯದೆ ಕತ್ತಲಗೆರೆಯ ನರ್ಸರಿಯೊಂದರ ಮುಂದೆ ನಿಂತಿತು. ಗೇಟಿನಲ್ಲಿ ನೂರೈವತ್ತು ಅಡಿಕೆ ಸಸಿಗಳು ಕಪ್ಪು ಕವರುಗಳಲ್ಲಿ ಸಾಲಾಗಿ ಕಾಯುತ್ತಿದ್ದವು.

"ಮಾಮ! ಇದೇನಿದು?"

"ಜಗಳೂರು ಕಡೆ ಹನುಮಣ್ಣ ಅಂತ ಒಬ್ರು ಅವ್ರೆ. ಬೋರಾಗೆ ನೀರು ಬಿದ್ದೈತಂತೆ, ಅಡಿಕೆ ಹಚ್ತಾರಂತೆ. ಅವ್ರ ಹೊಲ ಕ್ವಾರಿ ಪಕ್ಕದಾಗೇ ಐತೆ."

"ಸ್ಪರ್ಧೆಗೆ ಹೋಗೋ ಗಾಡಿಗೆ ಯಾರಾದ್ರೂ ಲೋಡ್ ಹಾಕ್ತಾರಾ?"

"ಸ್ಪರ್ಧೆಗೆ ಮುಂಚೆ ಇಳಿಸ್ತೀನಿ ಕಣೆ. ಖಾಲಿ ಗಾಡಿ ಅಷ್ಟು ದೂರ ಓಡ್ಸಿದ್ರೆ ನಮ್ಮಪ್ಪ ಕನಸಿನಾಗೆ ಬಂದು ಬೈತಾನೆ."

ಆ ಮನೆಯವರ ಗಾಡಿ ಮೂರು ತಲೆಮಾರಿನಿಂದ ಖಾಲಿ ಓಡಿದ್ದೇ ಇಲ್ಲ. ಗಂಡು ನೋಡಲು ಹೋಗುವಾಗಲೂ ಡಿಕ್ಕಿಯಲ್ಲಿ ಎರಡು ಚೀಲ ಇರುತ್ತಿತ್ತು ಅಂತ ನಿರ್ಮಲಮ್ಮ ಹೇಳುತ್ತಿದ್ದರು. ಶಿವಲೀಲಾ ಹಿಂದೆ ಹತ್ತಿ ನಿಂತು, ಫ್ಯಾನಿನಿಂದ ಒಂದು ಮೊಳ ಜಾಗ ಬಿಡಿಸಿಯೇ ಸಸಿಗಳನ್ನು ಇಡಗೊಟ್ಟಳು.

ಅಷ್ಟರಲ್ಲಿ ಬಿಳಿ ಕಾರೊಂದು ಹಿಂದೆ ಬಂದು ನಿಂತಿತು. ಇಳಿದದ್ದು ಗುರುಬಸವರಾಜ್. ಐವತ್ತೈದರ ಮೇಲಿನ ವಯಸ್ಸು, ಹೆಗಲಿಗೆ ಬಿಳಿ ಟವೆಲ್ಲು. ಬಂದವರೇ ಎಮ್ಮೆಯ ಪಕ್ಕೆಯನ್ನು ಪಟಪಟ ತಟ್ಟಿದರು.

"ಮೆಲ್ಲಗೆ ಇಡ್ರಪ್ಪ ಸಸೀನ. ನನ್ನ ಗಾಡಿಗೆ ಗೀರು ಬಿದ್ದೀತು."

"ಇನ್ನೂ ನಿಮ್ದಾಗಿಲ್ಲ ಅಂಕಲ್," ಅಂದಳು ಶಿವಲೀಲಾ.

"ಸಂಜೇತಂಕ ನಿಮ್ದೇ ಇರ್ಲಿ ಬಿಡವ್ವ. ನಂಗೇನು ಅವಸರ ಇಲ್ಲ. ಡ್ರೈವರ್ನೂ ಕರ್ಕಂಡೇ ಬಂದೀನಿ, ಕಾರು ಅವ್ನು ಹೊಡೀತಾನೆ, ಇದನ್ನ ನಾನು ಹೊಡ್ಕಂಡು ಹೋಗ್ತೀನಿ."

ದಾವಣಗೆರೆ ದಾಟಿ ಜಗಳೂರು ರಸ್ತೆಗೆ ಬಿದ್ದ ಮೇಲೆ ಒಂದು ಹೋಟೆಲಿನ ಮುಂದೆ ಮಂಡಕ್ಕಿ ಮೆಣಸಿನಕಾಯಿಗೆ ನಿಂತರು. ಶಿವಲೀಲಾಗೆ ಈಗ ಹಸಿವೋ ಹಸಿವು. ಅಷ್ಟು ದೂರ ಬಂದರೂ ಫೋನು ಎಂಬತ್ತೆಂಟರ ಮೇಲೆ ಹೋಗಿರಲಿಲ್ಲ. ಅವಳು ಎರಡನೇ ಪ್ಲೇಟು ಮುಗಿಸುವಷ್ಟರಲ್ಲಿ ಪ್ರಸನ್ನ ಸಸಿಗಳಿಗೆ ನೀರು ಚಿಮುಕಿಸಿ ಬರುತ್ತೇನೆಂದು ಹೋಗಿ ಬಂದ. ಮತ್ತೆ ಹೊರಟರು. ಬಯಲು ಬಿಚ್ಚಿಕೊಂಡಿತು. ದೂರದಲ್ಲಿ ಗಾಳಿಯಂತ್ರಗಳು, ಜಾಲಿಮುಳ್ಳು, ಕೆಂಪು ಮಣ್ಣು, ಬೆಳಿಗ್ಗೆ ಹತ್ತಕ್ಕೇ ಕಣ್ಣು ಕಿರಿದಾಗಿಸುವ ಬಿಸಿಲು.

ಹನುಮಣ್ಣನ ಹೊಲಕ್ಕೆ ಗಾಡಿ ಜಾಡು ಮಾತ್ರ ಇತ್ತು, ಅದೂ ಏರು. ಪ್ರಸನ್ನ ಫೋರ್ ವೀಲ್ ಹಾಕಿ ನಿಧಾನ ಏರಿಸಿದ. ಶಿವಲೀಲಾ ಫೋನು ನೋಡಿದಳು. ತೊಂಬತ್ತಾರು. ಸರಿ, ಏರು ತಾನೇ. ನೂರಾ ನಾಲ್ಕು. ಅವಳು ನೆಟ್ಟಗೆ ಕೂತಳು. ನೂರಾ ಹದಿಮೂರು.

"ಮಾಮ, ಏನೋ ಆಗೈತೆ."

"ಇನ್ನೇನು ಹೊಲ ಬಂತು."

"ಮಾಮ, ನೂರಾ ಇಪ್ಪತ್ತು! ಫ್ಯಾನು ಕೇಳಿಸ್ತಾನೇ ಇಲ್ಲ! ನಿಲ್ಲಿಸ್ರಿ!"

ಪ್ರಸನ್ನ ಬ್ರೇಕು ಒತ್ತಿದ. ಒತ್ತುವ ಮುಂಚೆಯೇ ಮೀಟರಿನ ಎಡಮೂಲೆಯಲ್ಲಿ ಕೆಂಪು ದೀಪ ಹತ್ತಿತ್ತು. ಗಾಡಿಯೊಳಗೆ ಮೂವರೂ ಅದನ್ನೇ ನೋಡುತ್ತ ಕೂತರು. ಪ್ರಸನ್ನನ ಕೈ ಕೀಲಿಯ ಕಡೆ ಹೋಯಿತು.

"ಬಂದ್ ಮಾಡಬ್ಯಾಡ್ರಿ! ನ್ಯೂಟ್ರಲ್ಲಿಗೆ ಹಾಕಿ ಎಂಜಿನ್ ಓಡಾಕೆ ಬಿಡ್ರಿ. ಆಯಿಲ್ ತಿರುಗ್ತಾ ಇರ್ಲಿ!" ಅಂತ ಕೂಗಿ ಶಿವಲೀಲಾ ಬಾಗಿಲು ತೆರೆದು ಹಾರಿದಳು.

ಚಕ್ರದ ಮೇಲೆ ಕಾಲಿಟ್ಟು ಹಿಂದಕ್ಕೆ ಹತ್ತಿದವಳು ಅಲ್ಲೇ ನಿಂತುಬಿಟ್ಟಳು. ಕೂಲರ್ ಕಾಣುತ್ತಿರಲಿಲ್ಲ. ಅದರ ಚೌಕಟ್ಟಿಗೆ ಒದ್ದೆ ಗೋಣಿಚೀಲವೊಂದನ್ನು ಎರಡು ಮಡಿಕೆ ಮಾಡಿ, ನಾಲ್ಕೂ ಮೂಲೆಗೆ ಸುತಳಿ ಕಟ್ಟಿ, ನೀಟಾಗಿ ಹೊದ್ದಿಸಲಾಗಿತ್ತು. ಗೋಣಿಯಿಂದ ಹಬೆ ಏಳುತ್ತಿತ್ತು. ಫ್ಯಾನು ಅದರೊಳಗೆ ಮುಖ ಹುದುಗಿಸಿ ಮುಲುಗುತ್ತಿತ್ತು. ಅವಳು ಸುತಳಿ ಕಿತ್ತು ಗೋಣಿಯನ್ನು ಎಳೆದೊಗೆದಳು. ಬಿಸಿ ಗಾಳಿ ಬೆಂಕಿಯ ಹಾಗೆ ಅವಳ ಮುಖಕ್ಕೆ ಬಡಿಯಿತು.

"ಇದನ್ನ ಯಾರು ಕಟ್ಟಿದ್ದು?"

ಪ್ರಸನ್ನ ಕೆಳಗೆ ನಿಂತು ಸಸಿಗಳ ಕಡೆ ನೋಡುತ್ತಿದ್ದ.

"ಸಸಿ ಬಾಡ್ತಿದ್ವು ಕಣೆ ಲೀಲಾ. ಹೋಟ್ಲ್ ಹತ್ರ ನೋಡಿದ್ರೆ ಮುಂದಿನ ಸಾಲಿನ ಎಲೆಯೆಲ್ಲಾ ಸುರುಟ್ಕಂಡಿದ್ವು. ಆ ಬಿಸಿ ಗಾಳಿ ನೇರ ಎಲೆಗೇ ಹೊಡೀತಿತ್ತು. ಒದ್ದೆ ಗೋಣಿ ಹಾಕಿದ್ರೆ ಸಸೀಗೂ ತಂಪು, ನಿನ್ನ ಕೂಲರಿಗೂ ತಂಪು ಅಂತ..."

ನಾಗರಾಜಪ್ಪ ಜಾಡಿನ ಬದುವಿನ ಮೇಲೆ ಕೂತರು. "ಪ್ರಸನ್ನ, ರೇಡಿಯೇಟರಿಗೆ ಹೊಟ್ಟು ತುಂಬಿದೋರನ್ನ ನೋಡೀನಿ, ಕೆಸರು ತುಂಬಿದೋರನ್ನ ನೋಡೀನಿ. ಜ್ವರ ಬಂದೈತೆ ಅಂತ ಒದ್ದೆ ಬಟ್ಟೆ ಕಟ್ಟಿದೋನು ನೀನೊಬ್ಬನೇ ಕಣಪ್ಪ."

ಬಿಳಿ ಕಾರು ಹಿಂದೆಯೇ ಬಂದು ನಿಂತಿತ್ತು. ಗುರುಬಸವರಾಜ್ ಇಳಿದು ಪಿಕಪ್ಪಿನ ಕಿಟಕಿಯೊಳಗೆ ತಲೆಹಾಕಿದರು. ದೀಪ ಇನ್ನೂ ಹತ್ತಿಯೇ ಇತ್ತು. ಅವರು ಅದನ್ನು ದೇವರ ದೀಪ ನೋಡುವ ಹಾಗೆ ನೋಡಿದರು.

"ಬಂತಲ್ಲಪ್ಪ."

"ಗೋಣಿ ಕಟ್ಟಿದ್ದಕ್ಕೆ ಬಂದಿದ್ದು ಅಂಕಲ್! ಕೂಲರಿನ ತಪ್ಪಿಲ್ಲ, ಗಾಡೀದೂ ತಪ್ಪಿಲ್ಲ!"

"ಯಾಕೆ ಬಂತು ಅಂತ ಮಾತಾಗಿಲ್ಲವ್ವ. ಬಂದ್ರೆ ಅಂತ ಮಾತು. ಏನು ಪ್ರಸನ್ನ? ಅಡಿಕೆ ವ್ಯಾಪಾರ ಮಾಡೋರು ನಾವು. ಬಾಯಿಂದ ಬಂದದ್ದು ಬಂತು, ಅಲ್ವಾ?"

ಪ್ರಸನ್ನನ ಕೈ ತಾನಾಗಿ ಎಮ್ಮೆಯ ಬಾನೆಟ್ಟಿನ ಮೇಲೆ ಹೋಗಿತ್ತು. "ಹೌದು ಗುರಣ್ಣ," ಅಂದ. "ಕೊಟ್ಟ ಮಾತು ಕೊಟ್ಟಂಗೆ."

ಶಿವಲೀಲಾ ಗಾಡಿಯ ಮೇಲಿಂದಲೇ ಕೇಳಿದಳು: "ಮಾಮ, ಮಾತು ಕೊಟ್ಟಿದ್ದು ಯಾರಿಗೆ?"

"ಯಾರಿಗೆ ಅಂದ್ರೆ?"

"ಗುರಣ್ಣ ಅಂಕಲ್‌ಗಾ? ಅತ್ತೆಗಾ?"

"ನಿಮ್ಮತ್ತೆಗೆ."

"ಹಂಗಾದ್ರೆ ಅತ್ತೇನೇ ಹೇಳ್ಲಿ." ಅಷ್ಟು ಹೊತ್ತಿಗೆ ಅವಳ ಫೋನು ಅರುಣಾಳಿಗೆ ರಿಂಗಾಗುತ್ತಿತ್ತು. ಸ್ಪೀಕರ್ ಹಾಕಿದಳು. ಆಚೆ ಕುಕ್ಕರ್ ಕೂಗುವ ಸದ್ದು. ಶಿವಲೀಲಾ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು: ಸಸಿ, ಗೋಣಿ, ದೀಪ. ಒಂದನ್ನೂ ಮುಚ್ಚಿಡಲಿಲ್ಲ.

ಅರುಣಾ ಒಲೆ ಆರಿಸಿದ ಸದ್ದು ಕೇಳಿಸಿತು. "ಸಸಿ ಉಳಿದಾವಾ?"

"ಉಳಿದಾವೆ ಅತ್ತೆ. ಒಂದು ಸಾಲು ಸ್ವಲ್ಪ ಬಾಡೈತೆ."

"ಆ ಗೋಣಿ ಯಾವ್ದು? ನೀಲಿ ಅಂಚಿಂದಾ?"

ಶಿವಲೀಲಾ ಕೆಳಗೆ ನೋಡಿದಳು. "ಹೌದು."

"ನಮ್ಮ ಕಾಲೊರೆಸೋ ಚೀಲ ಅದು! ಎರಡು ದಿನದಿಂದ ಹುಡುಕ್ತಾ ಇದೀನಿ! ರೀ, ಕೇಳಿಸ್ತಾ?"

"ಕೇಳಿಸ್ತು," ಅಂದ ಪ್ರಸನ್ನ ನೆಲ ನೋಡುತ್ತ.

"ಗುರಣ್ಣಾರೆ, ನೀವೂ ಕೇಳ್ರಿ. ಆ ಎಮ್ಮೆ ಹೋದ್ರೆ ನಂಗೆ ಸಂತೋಷಾನೇ. ಆದ್ರೆ ಹೊದಿಕೆ ಹೊದ್ದಿಸಿ ಉಸಿರು ಕಟ್ಟಿಸಿ ಸೋಲ್ಸಿದ್ದು ಸೋಲಲ್ಲ. ಇವತ್ತು ಗುಡ್ಡ ಹತ್ತಲಿ. ತುದಿ ಮುಟ್ಟೋದ್ರೊಳಗೆ ದೀಪ ಬಂತೋ, ಅಲ್ಲಿಂದಾನೇ ಚನ್ನಗಿರಿಗೆ ಹೊಡ್ಕಂಡು ಹೋಗ್ರಿ, ನಾನು ಬ್ಯಾಡ ಅನ್ನಲ್ಲ. ಬರ್ಲಿಲ್ವೋ, ಇನ್ನೊಂದು ಸಲ ಆ ಗಾಡಿ ಹೆಸರು ಎತ್ತಬಾರ್ದು. ಆಗುತ್ತಾ?"

"ಆತಮ್ಮ," ಅಂದರು ಗುರುಬಸವರಾಜ್.

"ಮತ್ತೆ ನಮ್ಮನೆಯವ್ರ ಕೈಗೆ ಸ್ಟೀರಿಂಗ್ ಕೊಡಬ್ಯಾಡ್ರಿ. ಕೊಟ್ರೆ ದಾರೀಲಿ ಇನ್ನೇನಾದ್ರೂ ಲೋಡ್ ಮಾಡ್ಕಂಡು ಹತ್ತುತ್ತಾರೆ. ಲೀಲಾ ಓಡಿಸ್ಲಿ."

ಫೋನು ಕಟ್ಟಾಯಿತು. ನಾಗರಾಜಪ್ಪ ಬದುವಿನಿಂದ ಎದ್ದು ಬಂದು ಚೌಕಟ್ಟಿನ ಬೋಲ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುವಿ ನೋಡತೊಡಗಿದರು. ಕೆಂಪು ದೀಪ ಆರಿತ್ತು. ತೊಂಬತ್ತೇಳಾಗಿತ್ತು, ಇಳಿಯುತ್ತಿತ್ತು.

"ಆದ್ರೆ ಪಕ್ಕದಾಗೆ ನಾನು ಕೂರ್ತೀನಿ," ಅಂದರು ಗುರುಬಸವರಾಜ್. "ದೀಪ ಬಂದ್ರೂ ಬರ್ಲಿಲ್ಲ ಅಂತ ಹೇಳಾಕೆ ನೀವೆಲ್ಲಾ ಒಂದೇ ಮನೆಯೋರು."

ಹನುಮಣ್ಣನೂ ಬಂದು ಕೈಜೋಡಿಸಿದ. ಸಸಿಗಳನ್ನು ಇಳಿಸಿ ಕ್ವಾರಿಗೆ ಬರುವಷ್ಟರಲ್ಲಿ ಹನ್ನೊಂದೂವರೆ. ಇಪ್ಪತ್ತೊಂದು ಗಾಡಿಗಳು ಬಂದಿದ್ದವು. ಮೈಕಿನಲ್ಲಿ ಯಾರೋ ಚಾಲಕರ ಹೆಸರು ಕೂಗುತ್ತಿದ್ದರು. ದಾರಿಗೆ ಮೂರು ಕಂಟಕ: ತಳದಲ್ಲಿ ಕೆಸರಿನ ಹೊಂಡ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಒಡೆದ ಬಂಡೆ, ಕೊನೆಗೆ ತುದಿಯವರೆಗೂ ಸಡಿಲ ಜಲ್ಲಿಯ ಏರು. ಪ್ರಸನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಕೊಡುತ್ತ, "ಬಂಡೆ ಮ್ಯಾಲೆ ಅವಸರ ಮಾಡಬ್ಯಾಡ," ಅಂದ. "ಜಲ್ಲಿ ಮ್ಯಾಲೆ ನಿಲ್ಲಿಸಬ್ಯಾಡ."

ಹಸಿರು ಬಾವುಟ ಬಿತ್ತು.

ಕೆಸರು ಎರಡೂ ಕಡೆ ರೆಕ್ಕೆಯಂತೆ ಎದ್ದಿತು. ಬಾನೆಟ್, ಜಾಲರಿ, ಗ್ಲಾಸು ಎಲ್ಲ ಕೆಂಪು. ವೈಪರಿಗೆ ಸಿಕ್ಕಿದ ಕಿಂಡಿಯಲ್ಲಿ ದಾರಿ ಕಂಡಷ್ಟು ಕಂಡಿತು. ಶಿವಲೀಲಾ ಜೋರಾಗಿ ನಗುತ್ತಿದ್ದಳು, ತಾನು ನಗುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಗುರುಬಸವರಾಜ್ ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಅವಳ ಫೋನು ಹಿಡಿದು ಹರಾಜು ಕೂಗುವ ದನಿಯಲ್ಲಿ ಓದುತ್ತಿದ್ದರು.

"ತೊಂಬತ್ತಾರು... ತೊಂಬತ್ತೆಂಟು... ಏರ್ತೈತವ್ವ, ಏರ್ತೈತೆ!"

ಬಂಡೆಯ ಮೊದಲ ಮೆಟ್ಟಿಲು. ಎಮ್ಮೆ ಮುಂಗಾಲೆತ್ತಿ ಆಕಾಶ ತೋರಿಸಿತು. ಎರಡನೇದು. ಅಡಿಯಲ್ಲಿ ಕಬ್ಬಿಣ ಕರಕರ ಉಜ್ಜಿತು. ಮೂರನೆಯದರಲ್ಲಿ ಎಡ ಚಕ್ರ ಜಾರಿ ಗಾಡಿ ಓರೆಯಾಗಿ, ಗುರುಬಸವರಾಜರ ಟವೆಲ್ಲು ಅವಳ ಮಡಿಲಿಗೆ ಬಂದು ಬಿತ್ತು.

"ನೂರಾ ಎಂಟು! ಏ... ಬಲಕ್ಕೆ ತಗೋ! ಬಲಕ್ಕೆ! ಅಲ್ಲಿ ಕಲ್ಲು ಗಟ್ಟಿ ಐತೆ!"

ಅವಳು ಬಲಕ್ಕೆ ತಿರುಗಿಸಿದಳು. ಚಕ್ರ ಕಚ್ಚಿತು. ಗಾಡಿ ಎದ್ದು ಬಂಡೆಯ ನೆತ್ತಿಗೆ ಬಂತು. ಎದುರಿಗೆ ಜಲ್ಲಿಯ ಏರು ಗೋಡೆಯ ಹಾಗೆ ನಿಂತಿತ್ತು. ಕೆಳಗೆ ಶಿಳ್ಳೆ, ಕೂಗು, ಮೈಕಿನವನ ಆತುರದ ದನಿ.

"ನೂರಾ ಹದಿನಾರು," ಅಂದರು ಗುರುಬಸವರಾಜ್. ಈಗ ದನಿಯಲ್ಲಿ ಹರಾಜಿರಲಿಲ್ಲ. "ಈಗಲೇ ಹತ್ತಬ್ಯಾಡ. ಇಲ್ಲೇ ನಿಲ್ಸು."

"ಟೈಮ್ ಹೋಗುತ್ತೆ ಅಂಕಲ್!"

"ಟೈಮ್ ಹೋದ್ರೆ ಬಹುಮಾನ ಹೋಗುತ್ತೆ. ದೀಪ ಬಂದ್ರೆ ಗಾಡಿ ಹೋಗುತ್ತೆ. ನ್ಯೂಟ್ರಲ್ ಹಾಕು. ನಿನ್ನ ಫ್ಯಾನು ಉಸಿರಾಡ್ಲಿ."

ಶಿವಲೀಲಾ ಅವರ ಮುಖ ನೋಡಿದಳು. ಅವರು ಫೋನು ಬಿಟ್ಟು ಕಣ್ಣೆತ್ತಲಿಲ್ಲ. ಅವಳು ಬ್ರೇಕು ಒತ್ತಿ, ನ್ಯೂಟ್ರಲ್ ಹಾಕಿ, ಎಂಜಿನ್ ಸ್ವಲ್ಪ ಏರಿಸಿ ಹಿಡಿದಳು. ಬೆನ್ನ ಹಿಂದೆ ಗಾಜಿನಾಚೆ ಫ್ಯಾನು ಒಂದೇ ಸ್ವರದಲ್ಲಿ ಮೊರೆಯುತ್ತಿತ್ತು. ಕೆಳಗಿನವರು ಕೂಗಿ ಕೂಗಿ ಸುಮ್ಮನಾದರು. ನೂರಾ ಹದಿನೈದು. ನೂರಾ ಹನ್ನೆರಡು. ಬೆವರು ಹೆಲ್ಮೆಟ್ಟಿನೊಳಗೆ ಇಳಿದು ಕಣ್ಣು ಉರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ನೂರಾ ಏಳು.

"ಇನ್ನೊಂಚೂರು."

ನೂರಾ ಎರಡು.

"ಹ್ಞಾ. ಈಗ ಹೊಡಿ. ನಡುವೆ ಎಲ್ಲೂ ಕಾಲು ಎತ್ತಬ್ಯಾಡ."

ಜಲ್ಲಿ ಚಕ್ರದಡಿಯಿಂದ ಮಳೆಯ ಹಾಗೆ ಹಿಂದಕ್ಕೆ ಸುರಿಯಿತು. ಎಮ್ಮೆ ಬಾಲ ಅಲ್ಲಾಡಿಸುತ್ತ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲುತ್ತ ಏರಿತು. ಗುರುಬಸವರಾಜ್ ಅಂಕಿ ಓದುವುದನ್ನು ಮರೆತು, ಸೀಟಿನಲ್ಲಿ ಮುಂದಕ್ಕೂ ಹಿಂದಕ್ಕೂ ತೂಗುತ್ತ, "ಹೋಗ್ಲಿ, ಹೋಗ್ಲಿ, ಹೋಗ್ಲಿ," ಅನ್ನುತ್ತಿದ್ದರು. ಆಮೇಲೆ ಒಮ್ಮೆಲೇ ಗಾಜಿನ ತುಂಬ ಇದ್ದ ನೆಲ ಕೆಳಗಿಳಿದು, ಬರೀ ಆಕಾಶ ತುಂಬಿ, ಗಾಡಿ ಸಮನೆಲಕ್ಕೆ ಧೊಪ್ಪೆಂದು ಕೂತಿತು.

ಧೂಳು ಒಳಗೆಲ್ಲ ತೇಲುತ್ತಿತ್ತು. ಮೀಟರಿನ ಗಾಜಿನ ಮೇಲೆ ಬೆರಳು ದಪ್ಪ ಕೂತಿತ್ತು. ಶಿವಲೀಲಾ ಅದರ ಕಡೆ ನೋಡಲಾರದೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಳು. ಗುರುಬಸವರಾಜ್ ಬಗ್ಗಿ ಅವಳ ಮಡಿಲಿನಿಂದ ತಮ್ಮ ಟವೆಲ್ಲು ತೆಗೆದುಕೊಂಡು ಗಾಜಿನ ಎಡಮೂಲೆಯನ್ನು ಒರೆಸಿದರು. ಹತ್ತಿರ ಹೋಗಿ ನೋಡಿದರು. ಮತ್ತೊಮ್ಮೆ ಒರೆಸಿದರು.

ಅವರು ಬಾಗಿಲು ತೆರೆದು ಇಳಿದರು. ಒಂದು ಕ್ಷಣ ಎಮ್ಮೆಯ ಪಕ್ಕೆ ಹಿಡಿದು ನಿಂತು, ಆಮೇಲೆ ಕ್ವಾರಿಯ ಅಂಚಿನವರೆಗೂ ನಡೆದರು. ಬಹಳ ಕೆಳಗೆ ಜನರ ಗುಂಪಿನಿಂದ ಬೇರೆಯಾಗಿ ಇಬ್ಬರು ನಿಂತಿದ್ದರು. ಅವರಲ್ಲೊಬ್ಬ, ಪ್ರಸನ್ನನೇ ಇರಬೇಕು, ದೀಪ ಬಂತಾ ಅಂತ ಕೇಳುವ ಹಾಗೆ ಎರಡೂ ಕೈ ಮೇಲೆತ್ತಿ, ಅಂಗೈ ಬಿಚ್ಚಿ, ಹಾಗೇ ಕಾಯುತ್ತಿದ್ದ. ಗುರುಬಸವರಾಜ್ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಬಲಗೈ ಎತ್ತಿದರು. ಅಷ್ಟು ದೂರಕ್ಕೂ ಕಾಣುವ ಹಾಗೆ ಅದನ್ನು ನಿಧಾನವಾಗಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ಇಲ್ಲವೆಂದು ಆಡಿಸಿದರು.